ಮೋಡವೆಂದು ಬಿಸಾಡಿದ್ದು

ಬಸ್ಸು ಹೊರಡಿಸುವ ಮೊದಲು ನನ್ನ ತಮ್ಮ ದಿನವೂ ನನಗೆ ಫೋನ್ ಮಾಡುತ್ತಿದ್ದ. ಬಯಲಿನ ನಡುವೆ ಹಾದುಹೋಗುವ ನೂರು ಕಿಲೋಮೀಟರ್ ಹೆದ್ದಾರಿ ಅವನದು. ಧೂಳುಗಾಳಿ ಅಳೆಯುವ ಕಚೇರಿ ನನ್ನದು. "ಏನ್ ಧೂಳಕ್ಕಾ, ಹೋಗ್ಲಾ?" ಎಂದು ರೇಗಿಸುವನು. "ಹೋಗಪ್ಪಾ, ತಲೆ ತಿನ್ಬೇಡ" ಎನ್ನುವೆ. ಅಷ್ಟೇ ಮಾತು.

ಆ ಮಂಗಳವಾರ ಬೆಳಗ್ಗೆ ಒಂಬತ್ತೂಕಾಲಿಗೂ ಅದನ್ನೇ ಅಂದೆ. ಪರದೆಯ ಮೇಲೆ ಹೆದ್ದಾರಿಯುದ್ದಕ್ಕೂ ತಿಳಿಹಳದಿ ಬಣ್ಣವಿತ್ತು. ಹಳದಿ ಎಂದರೆ ತೆಳು ಮಬ್ಬು, ದೀಪ ಹಾಕಿಕೊಂಡು ಹೋದರೆ ಸಾಕು. ಹತ್ತೂವರೆಗೆ, ಧೂಳಿನಲ್ಲಿ ಕಣ್ಣಮುಂದಿನ ಗಾಜೂ ಕಾಣದೆ, ಅವನ ಬಸ್ಸು ನಿಂತಿದ್ದ ಲಾರಿಗೆ ಗುದ್ದಿತು. ಹನ್ನೊಂದು ಜನ ಸತ್ತರು. ಅವನ ಎರಡೂ ಕಾಲು ಮುರಿದವು. ಧೂಳೆದ್ದರೂ ಬಸ್ಸು ಓಡಿಸಿದ ಎಂದು ಅವನ ಮೇಲೆ ಕೇಸು ಬಿತ್ತು; ವಾರ್ಡಿನ ಬಾಗಿಲಲ್ಲಿ ಒಬ್ಬ ಪೊಲೀಸ್ ಕುರ್ಚಿ ಹಾಕಿಕೊಂಡು ಕೂತ.

ಮರುದಿನ ನಾನು ಉಪಗ್ರಹದ ಮೂಲ ಅಂಕಿಗಳನ್ನು ತೆರೆದೆ. ಮೇಲಿನಿಂದ ನೋಡುವ ಆ ಯಂತ್ರಕ್ಕೆ ಮೋಡವೂ ಧೂಳೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಹೋದ ವರ್ಷ ಮೂರು ಸಲ ಮೋಡವನ್ನು ಧೂಳೆಂದುಕೊಂಡು ರಸ್ತೆ ಮುಚ್ಚಿಸಿ ಎಲ್ಲರಿಂದ ಉಗಿಸಿಕೊಂಡಿದ್ದೆವು. ಆಮೇಲೆ ನಾನೇ ಒಂದು ಮಿತಿ ಹಾಕಿದ್ದೆ: ಇಷ್ಟಕ್ಕಿಂತ ದಪ್ಪವಾಗಿ ಕಂಡದ್ದೆಲ್ಲ ಮೋಡ, ಬಿಸಾಡು. ಅಷ್ಟು ದಪ್ಪದ ಧೂಳು ನಮ್ಮ ಇಪ್ಪತ್ತು ವರ್ಷದ ದಾಖಲೆಯಲ್ಲೇ ಇರಲಿಲ್ಲ. ನಿರ್ದೇಶಕರು ಬೆನ್ನು ತಟ್ಟಿದ್ದರು. ನಾನೂ ಉಬ್ಬಿಹೋಗಿದ್ದೆ.

ಮಿತಿ ತೆಗೆದು ನಕ್ಷೆಯನ್ನು ಮತ್ತೆ ಬರೆಸಿದೆ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಹೆದ್ದಾರಿಯ ಪಕ್ಕದಲ್ಲಿ ಕಡುಗೆಂಪು ಗೋಡೆ ಎದ್ದು ನಿಂತಿತ್ತು. ಯಂತ್ರ ಕಂಡಿತ್ತು. ಕಂಡದ್ದನ್ನು ನನ್ನ ಮಿತಿ ಬಿಸಾಡಿತ್ತು. ಖಾಲಿ ಬಿದ್ದ ಜಾಗವನ್ನು ಮುನ್ಸೂಚನೆಯ ಮಾದರಿ ಅಕ್ಕಪಕ್ಕದ ಹಳದಿಯಿಂದ ತುಂಬಿಕೊಂಡಿತ್ತು. ಬಿರುಗಾಳಿ ಇನ್ನೂ ಸ್ವಲ್ಪ ಸಣ್ಣದಾಗಿದ್ದರೆ ಮಿತಿಯೊಳಗೇ ಉಳಿದು ನಮ್ಮ ಕಣ್ಣಿಗೆ ಬೀಳುತ್ತಿತ್ತು. ನಕ್ಷೆಯನ್ನು ಅಚ್ಚು ಹಾಕಿಕೊಂಡು ನಿರ್ದೇಶಕರ ಕೋಣೆಗೆ ಹೋದೆ.

ನಿರ್ದೇಶಕರು ನಕ್ಷೆಯನ್ನು ನೋಡಿ ಕನ್ನಡಕ ತೆಗೆದಿಟ್ಟರು. "ಮೋಡ ಅಡ್ಡ ಬಂದಿತ್ತು ಅಂತ ಬರೆಯೋಣ ಕಣಮ್ಮ. ಸುಳ್ಳೇನಲ್ಲವಲ್ಲ, ನಮ್ಮ ಪ್ರಕಾರ ಅದು ಮೋಡಾನೇ."

ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲಷ್ಟೇ ಅಲ್ಲ. ಒಂದು ಗಳಿಗೆ ನನಗೂ ಆ ಮಾತು ಹಿತವಾಗಿ ಕೇಳಿಸಿತ್ತು.

"ಮಿತಿನಾದ್ರೂ ತೆಗೀತೀನಿ ಸರ್. ಧೂಳಿನ ಕಾಲ ಇನ್ನೂ ಒಂದು ತಿಂಗಳಿದೆ."

"ವಿಚಾರಣೆ ಮುಗಿಯೋವರೆಗೂ ಮುಟ್ಬೇಡ. ಈಗ ತೆಗೆದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ."

ಸಂಜೆ ನಕ್ಷೆ ಮಡಚಿಕೊಂಡು ಆಸ್ಪತ್ರೆಗೆ ಹೋದೆ. ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವನು ಛಾವಣಿ ನೋಡುತ್ತ ಕೇಳಿಸಿಕೊಂಡ.

"ಯಾರನ್ನೂ ಕೇಳದೆ ನಾನೇ ಹೊರಟೆ ಅಂತ ಸಹಿ ಮಾಡಿ ಕೊಟ್ಟಾಯ್ತು," ಎಂದ. "ನಿಂಗೆ ಫೋನ್ ಮಾಡಿದ್ದು ಅಮ್ಮನ ಮಾತ್ರೆ ವಿಷ್ಯಕ್ಕೆ ಅಂತ ಹೇಳಿದೀನಿ. ನೀನು ಬಾಯಿ ಬಿಡ್ಬೇಡ."

"ಯಾರು ಹೇಳಿದ್ರು ನಿಂಗೆ ಈ ದೊಡ್ಡಸ್ತಿಕೆ ಮಾಡು ಅಂತ? ತಪ್ಪು ನಂದು ಕಣೋ!"

"ಇಬ್ರೂ ಸಿಕ್ಕಿಹಾಕ್ಕೊಂಡ್ರೆ ಅಮ್ಮನ್ನ ಯಾರೇ ನೋಡ್ಕೋತಾರೆ? ಒಬ್ರಾದ್ರೂ ಹೊರಗಿರ್ಲಿ."

ಅವನ ಮೂಗಿನ ಹೊಳ್ಳೆಯಲ್ಲಿ ಇನ್ನೂ ಕೆಂಪು ಧೂಳಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಮುಖ ಸಿಂಡರಿಸಿದ. ನನಗೆ ಅಳು ಉಕ್ಕಿಬಂತು. ಸುಮ್ಮನಿದ್ದುಬಿಡಲೇ ಎನಿಸಿತು. ನಿಜ ಹೇಳಿದರೆ ಅವನ ಹೇಳಿಕೆ ಸುಳ್ಳಾಗಿ, ಅವನ ಮೇಲೆ ಇನ್ನೊಂದು ಕೇಸು ಬೀಳುತ್ತದೆ.

"ಆ ಮಿತಿ ಇನ್ನೂ ಹಾಗೇ ಇದೆ ಕಣೋ," ಎಂದೆ ಕೊನೆಗೆ. "ತೆಗೆಯೋಕೆ ಬಿಡ್ತಿಲ್ಲ. ನಾಳೆ ಇಂಥದ್ದೇ ಎದ್ರೂ ನಮ್ಮ ಪರದೆ ಹಳದಿನೇ ತೋರ್ಸುತ್ತೆ."

ತಮ್ಮ ತಿರುಗಿ ನೋಡಿದ. "ಇವತ್ತು ಬಸ್ ಹೋಯ್ತಾ?"

"ಹೋಯ್ತು."

"ತುಂಬಿತ್ತಾ?"

"ತುಂಬಿತ್ತಂತೆ."

ಬಾಗಿಲಾಚೆ ಪೊಲೀಸ್ ಕೆಮ್ಮಿದ.

"ಅವ್ರನ್ನ ಒಳಗೆ ಕರಿ," ಎಂದ ತಮ್ಮ. "ನಾನು ಕೊಟ್ಟಿದ್ದು ಸುಳ್ಳು ಅಂತ ನಾನೇ ಬರೆಸ್ತೀನಿ. ನೀನು ಆ ನಕ್ಷೆ ತೋರ್ಸು."

ಎದ್ದುಹೋಗಿ ಕರೆದೆ.