ಪ್ಯಾಕಿಂಗ್ ಮೇಜಿನಿಂದ ಒಂದು ಹೆಸರು

ಪೆನ್ಸಿಲ್ ಕಾರ್ಖಾನೆಯ ಪ್ಯಾಕಿಂಗ್ ಮೇಜಿನಲ್ಲಿ ಒಂಬತ್ತು ಜನ ಹೆಂಗಸರು ಕೂರುತ್ತಿದ್ದರು. ಅವರ ಮೇಲೆ ಕಣ್ಣಿಡುವ ಕೆಲಸ ಮೇಸ್ತ್ರಿ ಅಕ್ಕನದು. ಹದಿನಾಲ್ಕು ವರ್ಷ ಅದೇ ಮೇಜಿನ ಸುತ್ತ ಓಡಾಡಿದವಳು. ಡಬ್ಬಿಯನ್ನು ಕೈಯಲ್ಲಿ ಹಿಡಿದರೆ ಸಾಕು, ಹನ್ನೆರಡಿದೆಯೋ ಹನ್ನೊಂದೋ ಹೇಳಿಬಿಡುತ್ತಿದ್ದಳು.

ಆ ವರ್ಷ ಊರಿನ ಕಾರ್ಖಾನೆಗಳ ಗೇಟಿಗೆ ಒಂದೊಂದಾಗಿ ಬೀಗ ಬಿತ್ತು. ಅವಳ ಗಂಡ ಮರಗೆಲಸದವನು. ಯಾರೂ ಬಾಗಿಲು ಮಾಡಿಸುತ್ತಿರಲಿಲ್ಲ, ಕುರ್ಚಿ ಮಾಡಿಸುತ್ತಿರಲಿಲ್ಲ. ಮೈದುನನಿಗೆ ಬಾಯ್ಲರ್ ಕೆಲಸ ಹೋಗಿ ಆರು ತಿಂಗಳಾಗಿತ್ತು. ಮನೆಯಲ್ಲಿ ಅತ್ತೆ, ಮೇಸ್ತ್ರಿ ಅಕ್ಕನ ಇಬ್ಬರು ಮಕ್ಕಳು, ಮೈದುನನ ಎಂಟು ತಿಂಗಳ ಕೂಸು. ಇಷ್ಟು ಹೊಟ್ಟೆ ತುಂಬಿಸುತ್ತಿದ್ದದ್ದು ಇಬ್ಬರೇ: ಮೇಸ್ತ್ರಿ ಅಕ್ಕ ಮತ್ತು ಅದೇ ಮೇಜಿನಲ್ಲಿ ಕೂರುತ್ತಿದ್ದ ಅವಳ ವಾರಗಿತ್ತಿ.

ಒಂದು ದಿನ ಮ್ಯಾನೇಜರ್ ಕರೆಸಿದ. ಹೆಂಗಸರು ಅವನಿಗೆ ಮುಲಾಮು ಎಂದು ಹೆಸರಿಟ್ಟಿದ್ದರು. ಅವನು ಮೃದುವಾಗಿ ಮಾತಾಡಿದರೆ ಯಾರಿಗೋ ಗಾಯವಾಗಿದೆ ಎಂದೇ ಅರ್ಥ.

"ಕೂತ್ಕೊಳ್ಳಿ ಅಮ್ಮಾ. ಆರ್ಡರೇ ಇಲ್ಲ. ಒಬ್ಬರನ್ನ ಕಡಿಮೆ ಮಾಡು ಅಂತ ಮೇಲಿಂದ ಹೇಳಿದ್ದಾರೆ. ಸಂಜೆಯೊಳಗೆ ಒಂದು ಹೆಸರು ಕೊಡಿ. ಆ ಕನ್ನಡಕದಮ್ಮನ ಕೈ ಸ್ವಲ್ಪ ನಿಧಾನ ಅಲ್ವಾ?"

ನಿಧಾನ ನಿಜ. ಕನ್ನಡಕದಮ್ಮ ಪೆನ್ಸಿಲನ್ನು ಮೂಗಿನ ಹತ್ತಿರ ಹಿಡಿದು ನೋಡಿ ಡಬ್ಬಿಗೆ ಇಡುತ್ತಿದ್ದಳು. ಅವಳ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಆ ಮನೆಗೆ ಬರುತ್ತಿದ್ದದ್ದು ಅವಳ ಸಂಬಳ ಒಂದೇ.

ಮೇಸ್ತ್ರಿ ಅಕ್ಕ ಇಡೀ ಮಧ್ಯಾಹ್ನ ಮೇಜಿನ ಸುತ್ತ ನಡೆದಳು. ಒಬ್ಬೊಬ್ಬರ ಮುಖ ನೋಡಿದಳು, ಹಿಂದೆಯೇ ಅವರ ಮನೆ ಕಣ್ಣ ಮುಂದೆ ಬರುತ್ತಿತ್ತು. ಇಬ್ಬರ ದುಡಿಮೆ ಇದ್ದದ್ದು ತನ್ನ ಮನೆಯಲ್ಲಿ ಮಾತ್ರ. ವಾರಗಿತ್ತಿ ಅಷ್ಟರಲ್ಲಿ ಪಕ್ಕದವಳಿಗೆ ಏನೋ ತಮಾಷೆ ಹೇಳಿ ನಗಿಸುತ್ತಿದ್ದಳು. ಕೈ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಇಡೀ ಮೇಜಿನಲ್ಲೇ ಚುರುಕು ಕೈ ಅದು.

ಸಂಜೆ ಅವಳು ವಾರಗಿತ್ತಿಯ ಹೆಸರು ಹೇಳಿದಳು.

ಮುಲಾಮು ಪೆನ್ನು ಕೆಳಗಿಟ್ಟ. "ಅವರು ನಿಮ್ಮ ಮನೆಯವರೇ ಅಲ್ವಾ?"

"ಹೌದು. ಅದಕ್ಕೇ."

ಮಾರನೇ ದಿನ ಗೇಟಿನಲ್ಲೇ ವಾರಗಿತ್ತಿಯ ಕೈಗೆ ಚೀಟಿ ಕೊಟ್ಟು ಕಳಿಸಿದರು. ಮೇಸ್ತ್ರಿ ಅಕ್ಕ ಮನೆಗೆ ಬರುವಾಗ ಅವಳು ಒಲೆ ಮುಂದೆ ಕೂತಿದ್ದಳು, ಅತ್ತು ಅತ್ತು ಮುಖ ಊದಿತ್ತು. "ಆ ಮುಲಾಮಿಗೆ ನಾನೇನು ಮಾಡಿದ್ದೆ ಅಕ್ಕಾ? ಒಂದು ದಿನ ತಡವಾಗಿ ಹೋದವಳಲ್ಲ."

ಹೂಂ ಅಂದು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮೇಸ್ತ್ರಿ ಅಕ್ಕನಿಂದ ಆಗಲಿಲ್ಲ. "ಅವನಲ್ಲ ಕಣೇ, ನಾನೇ ಹೇಳಿದ್ದು," ಎಂದವಳು ಎಲ್ಲವನ್ನೂ ಬಿಡಿಸಿ ಹೇಳಿದಳು.

ವಾರಗಿತ್ತಿ ಒಲೆಯ ಕೊಳ್ಳಿಯನ್ನು ಹೊರಗೆಳೆದಳು. "ಕನ್ನಡಕದಮ್ಮನ ಕಷ್ಟ ನನಗೆ ಗೊತ್ತಿಲ್ವಾ ಅಕ್ಕಾ? ನನ್ನ ಕೇಳಿದ್ರೆ ನಾನೇ ಹೂಂ ಅಂತಿದ್ನೋ ಏನೋ. ನೀವು ಕೇಳಲಿಲ್ಲ. ನಿಮ್ಮ ಮನೆ ಪಾತ್ರೆ ಎತ್ತಿ ಕೊಟ್ಟ ಹಾಗೆ ಕೊಟ್ಟುಬಿಟ್ರಿ."

ಮೈದುನ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಊರಿಗೆ ಉಪಕಾರ ಮಾಡೋಕೆ ನನ್ನ ಹೆಂಡ್ತೀನೇ ಬೇಕಿತ್ತಾ ಅತ್ತಿಗೆ?" ಎಂದ. ಅವನಣ್ಣ ಗೋಡೆ ಕಡೆ ಮುಖ ಮಾಡಿಕೊಂಡು ಉಳಿಗೆ ಸಾಣೆ ಹಿಡಿಯುತ್ತಲೇ ಇದ್ದ. ಕೆಲಸವಿಲ್ಲದ ಉಳಿಯನ್ನು ದಿನಾ ಸಾಣೆ ಹಿಡಿಯುತ್ತಿದ್ದ.

ಒಂದೇ ಸೂರಿನಡಿ ಎರಡು ಒಲೆಯಾಯಿತು. ಮೂರನೇ ವಾರ ಬಂದರಿನ ಊರಲ್ಲಿ ಮೀನು ಡಬ್ಬಿಗೆ ತುಂಬೋ ಕಾರ್ಖಾನೆಗೆ ಜನ ತಗೊಳ್ತಿದ್ದಾರಂತೆ ಎಂದು ಯಾರೋ ಹೇಳಿದ್ದೇ ಸಾಕಾಯಿತು, ಮೈದುನ ಗಂಟುಮೂಟೆ ಕಟ್ಟಿದ. ಅತ್ತೆಯೂ ಹೊರಟಳು. "ಇವರಿಬ್ರೂ ಕೆಲಸಕ್ಕೆ ಹೋದ್ರೆ ಕೂಸನ್ನ ಯಾರು ನೋಡ್ತಾರೆ?" ಎಂದಳು. ಬಸ್ಸು ಹತ್ತುವಾಗ ವಾರಗಿತ್ತಿ ಮಕ್ಕಳಿಬ್ಬರ ತಲೆ ಸವರಿದಳು. ಅಕ್ಕನ ಕಡೆ ತಿರುಗಲಿಲ್ಲ.

ಎರಡು ತಿಂಗಳಿಗೆ ಮುಲಾಮು ಮತ್ತೆ ಕರೆಸಿದ. ಈ ಸಲ ನಾಲ್ಕು ಹೆಸರು ಬೇಕಂತೆ. ಮೇಸ್ತ್ರಿ ಅಕ್ಕ ಹೆಸರು ಕೊಡದೆ ನೇರ ಮೇಜಿಗೆ ಬಂದು ಎಲ್ಲರ ಮುಂದೆ ವಿಷಯ ಇಟ್ಟಳು. "ನೀವೇ ಹೇಳಿ, ಏನು ಮಾಡೋಣ?"

ಗದ್ದಲವಾಯಿತು. ಒಬ್ಬಳು ಅತ್ತಳು, ಒಬ್ಬಳು ಬೈದಳು. ಎಲ್ಲರೂ ದಿನ ಬಿಟ್ಟು ದಿನ ಬಂದರೆ ಯಾರನ್ನೂ ತೆಗೆಯಬೇಕಾಗಿಲ್ಲವಲ್ಲ ಎಂದು ಕೊನೆಗೆ ಕನ್ನಡಕದಮ್ಮ ಅಂದಳು. ಎಲ್ಲರೂ ಒಪ್ಪಿದರು. ಮೇಸ್ತ್ರಿ ಅಕ್ಕ ಹೋಗಿ ಹೇಳಿದಳು.

ಮುಲಾಮು ಅಂದು ಮೃದುವಾಗಿ ಮಾತಾಡಲಿಲ್ಲ. "ಇದೇನು ಕಾರ್ಖಾನೇನೋ ಅನ್ನಛತ್ರಾನೋ?" ಎಂದ. ವಾರ ಕಳೆಯುವುದರೊಳಗೆ ಪ್ಯಾಕಿಂಗನ್ನು ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟು ಮೇಜನ್ನೇ ಎತ್ತಿಸಿದ. ಮೇಸ್ತ್ರಿ ಅಕ್ಕನೂ ಸೇರಿ ಎಲ್ಲರೂ ಬೀದಿಗೆ ಬಂದರು.

ಆಮೇಲಿನದು ಚಿಂದಿ ಗೋದಾಮಿನ ಕೂಲಿ. ಹಳೇ ಬಟ್ಟೆ ಹರಿದು, ಗುಂಡಿ ಕಿತ್ತು, ಬಣ್ಣಬಣ್ಣಕ್ಕೆ ವಿಂಗಡಿಸುವುದು. ದಿನಕ್ಕೆ ಐದೇ ಜನಕ್ಕೆ ಕೆಲಸ. ಒಂಬತ್ತು ಜನ ಸರದಿ ಹಾಕಿಕೊಂಡರು. ಬಂದದ್ದನ್ನು ಹಂಚಿಕೊಂಡರು. ಹೊಟ್ಟೆ ತುಂಬುತ್ತಿರಲಿಲ್ಲ, ಆದರೆ ಪೂರ್ತಿ ಖಾಲಿ ಇರುತ್ತಿದ್ದದ್ದೂ ಅಪರೂಪ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟ ಕನ್ನಡಕದಮ್ಮ ಗಂಡನನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬಂದು, ಮೇಸ್ತ್ರಿ ಅಕ್ಕನ ಮನೆಯಲ್ಲಿ ಮೈದುನ ಬಿಟ್ಟುಹೋದ ಕೋಣೆ ಸೇರಿದಳು.

ಚಳಿ ಹಿಡಿದ ಒಂದು ಬೆಳಿಗ್ಗೆ ಅತ್ತೆ ಒಬ್ಬಳೇ ಬಂದಳು. ಕೈಯಲ್ಲಿ ಸಣ್ಣ ಗಂಟು.

"ಕೂಸು ಹೋಯ್ತು ಕಣೇ. ನಾಲ್ಕು ದಿನದ ಜ್ವರ. ಇನ್ನು ನನಗೆ ಅಲ್ಲೇನು ಕೆಲಸ?"

ಮೇಸ್ತ್ರಿ ಅಕ್ಕ ಅಂದಿನ ಸರದಿಯನ್ನು ಇನ್ನೊಬ್ಬಳಿಗೆ ಬಿಟ್ಟು ಬಸ್ಸು ಹತ್ತಿದಳು. ಬಂದರಿನ ಊರಲ್ಲಿ ತಗಡಿನ ಸಾಲುಮನೆಗಳು, ಕಾಲಿಟ್ಟಲ್ಲೆಲ್ಲ ಮೀನಿನ ನೀರು. ಮೈದುನ ಕೆಲಸ ಕೇಳಲು ಹೋಗಿದ್ದ. ವಾರಗಿತ್ತಿ ಬಾಗಿಲ ಹತ್ತಿರ ಕೂತಿದ್ದಳು. ಕೈಬೆರಳ ತುಂಬ ಮೀನು ಡಬ್ಬಿಯ ತಗಡಿನ ಅಂಚು ಕೊಯ್ದ ಗಾಯ.

"ಯಾಕೆ ಬಂದ್ರಿ?"

"ನೋಡಬೇಕು ಅನ್ನಿಸ್ತು." ಬೈಯಲಿ, ಹೊಡೆಯಲಿ ಎಂದು ಮೇಸ್ತ್ರಿ ಅಕ್ಕ ಕಾದು ನಿಂತಳು.

ವಾರಗಿತ್ತಿ ಬೇರೆಯದನ್ನೇ ಕೇಳಿದಳು. "ಕನ್ನಡಕದಮ್ಮ ಹೇಗಿದ್ದಾರೆ?"

"ಎರಡೇ ತಿಂಗಳಿಗೆ ಅವಳದೂ ಹೋಯ್ತು. ನನ್ನದೂ ಹೋಯ್ತು. ಮೇಜೇ ಇಲ್ಲ ಈಗ."

"ಹಾಗಾದ್ರೆ ಯಾರಿಗೂ ಉಳೀಲಿಲ್ಲ."

"ಇಲ್ಲ ಕಣೇ."

ವಾರಗಿತ್ತಿ ಬೆರಳಿನ ಗಾಯ ಒತ್ತಿಕೊಂಡಳು. "ಎರಡು ತಿಂಗಳಾದ್ರೂ ಆ ಗಂಡ ಹೆಂಡ್ತಿ ಊಟ ಮಾಡಿದ್ರಲ್ಲ," ಎಂದಳು. ಅದು ಕ್ಷಮೆಯೋ ಚುಚ್ಚುಮಾತೋ ಮೇಸ್ತ್ರಿ ಅಕ್ಕನಿಗೆ ತಿಳಿಯಲಿಲ್ಲ. ಹೇಳಿದವಳಿಗೂ ತಿಳಿದಿತ್ತೋ ಇಲ್ಲವೋ. ಮರುಕ್ಷಣ ವಾರಗಿತ್ತಿಗೆ ಅಳು ಒತ್ತರಿಸಿ ಬಂತು. ಮೇಸ್ತ್ರಿ ಅಕ್ಕ ಅವಳನ್ನು ತಬ್ಬಿ ಕೂತಳು. ಅವಳು ತಳ್ಳಲಿಲ್ಲ.

ಬೀದಿ ಕೊನೆಯ ನಲ್ಲಿಗೆ ನೀರು ಬಂತೆಂದು ಯಾರೋ ಕೂಗಿದರು. ಮೇಸ್ತ್ರಿ ಅಕ್ಕ ಕಣ್ಣೊರೆಸಿಕೊಂಡು ಬಕೆಟ್ಟು ಎತ್ತಿಕೊಂಡಳು.