ಸೊಂಟದೆತ್ತರದ ಕ್ಯಾಲೆಂಡರ್

ನಮ್ಮ ಮನೆಯನ್ನು ಸಿನಿಮಾದ ಕೊಲೆಗಾರನ ಮನೆಯಾಗಿ ಆರಿಸಿಕೊಂಡಾಗ ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಶೂಟಿಂಗಿಗೆ ಮನೆ ಹುಡುಕಿಕೊಂಡು ಅಬ್ಬಿಗೆರೆಗೆ ಬಂದ ಗಯಾಸ್ ಎಂಬಾತ ನಮ್ಮ ಹಾಲ್‌ನ ನಡುವೆ ನಿಂತು, ನಾಲ್ಕೂ ಗೋಡೆ ನೋಡಿ, "ಈ ಮನೇಲಿ ಏನೋ ಇದೆ ಸಾರ್" ಅಂದ. ಇಪ್ಪತ್ತೆಂಟು ವರ್ಷದ ಹಿಂದೆ ಅಪ್ಪ ಹೊಲದ ಒಂದು ಮೂಲೆ ಮಾರಿ ಕಟ್ಟಿಸಿದ ಮನೆ ಅದು. ಬಂದ ನೆಂಟರೆಲ್ಲ ಕಿಟಕಿ ಚಿಕ್ಕದಾಯಿತು, ಬೆಳಕು ಸಾಲದು ಎಂದು ಆಡಿಕೊಂಡವರೇ. ಮೆಚ್ಚಿದವನು ಇವನೊಬ್ಬ. ಕಥೆ ಏನು ಎಂದು ಕೇಳಿದ್ದಕ್ಕೆ "ಫ್ಯಾಮಿಲಿ ಸಬ್ಜೆಕ್ಟ್ ಸಾರ್, ಸ್ವಲ್ಪ ಸೈಕಲಾಜಿಕಲ್" ಅಂದ. ಸ್ವಲ್ಪ ತಾನೇ ಎಂದು ನಾನು ಒಪ್ಪಿಕೊಂಡೆ.

ಅಮ್ಮ ಊರಲ್ಲಿದ್ದಿದ್ದರೆ ಇದು ಆಗುತ್ತಿರಲಿಲ್ಲ. ಆಗ ಅವಳು ದೇವಸ್ಥಾನದ ಹೆಂಗಸರ ಜೊತೆ ಕಾಶಿಗೆ ಹೋಗಿದ್ದಳು, ಹದಿನಾರು ದಿನದ ಪ್ರವಾಸ. ಶೂಟಿಂಗ್ ಹತ್ತು ದಿನ. ಆಮೇಲೆ ಸುಣ್ಣಬಣ್ಣಕ್ಕೆ ಮೂರು ದಿನ. ಲೆಕ್ಕ ಸರಿಯಾಗಿಯೇ ಇತ್ತು.

ಅಮ್ಮನಿಗೆ ಹೇಳದೆ ಮಾಡಲು ಕಾರಣ ಅಪ್ಪನ ಫೋಟೊ. ಅಪ್ಪ ಲಕ್ಕಣ್ಣನವರು ತೀರಿಕೊಂಡು ನಾಲ್ಕು ವರ್ಷವಾಯಿತು. ಹಾಲ್‌ನಲ್ಲಿ ಅವರ ದೊಡ್ಡ ಫೋಟೊ, ಕೆಳಗೆ ಹಗಲೂ ರಾತ್ರಿ ಉರಿಯುವ ಕೆಂಪು ಬಲ್ಬು, ದಿನಾ ಒಂದು ಮೊಳ ಹೂವು. ಭಾನುವಾರ ಮಟನ್ ಸಾರು ಮಾಡಿದರೆ ಮೊದಲ ತಟ್ಟೆ ಫೋಟೊದ ಮುಂದೆ ಎಡೆ ಇಡಬೇಕು. ಅದಾದ ಮೇಲೆ ನಾವು ಮುಟ್ಟಬೇಕು. ಎಷ್ಟು ಹಸಿದಿದ್ದರೂ ಅಷ್ಟೇ. ಒಮ್ಮೆ ನನ್ನ ಚಿಕ್ಕಪ್ಪ ಬಂದವನು ತಿಳಿಯದೆ ಹೆಲ್ಮೆಟ್ಟನ್ನು ಫೋಟೊದ ಮೊಳೆಗೆ ನೇತುಹಾಕಿದ. ಅಮ್ಮ ಅವನ ಜೊತೆ ಹನ್ನೊಂದು ತಿಂಗಳು ಮಾತು ಬಿಟ್ಟಳು. ನನ್ನ ಮೇಲೆ ಸಿಟ್ಟು ಬಂದರೆ ಅವಳದು ಒಂದೇ ಮಾತು, ರಾಜಾನುಕುಂಟೆಗೆ ಅಣ್ಣನ ಮನೆಗೆ ಹೋಗಿಬಿಡುತ್ತೇನೆ, ತಿರುಗಿ ಬರುವುದಿಲ್ಲ. ಬರೀ ಬಾಯಿಮಾತಲ್ಲ. ಒಮ್ಮೆ ಬ್ಯಾಗು ಹಿಡಿದು ಬಸ್ ಸ್ಟಾಪಿನವರೆಗೆ ಹೋಗಿದ್ದಳು. ನಾನು ಆಟೋದಲ್ಲಿ ಹಿಂದೆ ಬಿದ್ದು ಕರೆತಂದಿದ್ದೆ.

ಸಿನಿಮಾದವರು ಹಾಲ್‌ಗೆ ಕಡುಹಸಿರು ಬಣ್ಣ ಬಳಿದು ಸಾಮಾನನ್ನೆಲ್ಲ ಹೊರಗೆ ಸಾಗಿಸಿದರು. ಫೋಟೊ ಮಾತ್ರ ತೆಗೆಯಲಿಲ್ಲ. "ಇದು ಹಿಂಗೇ ಇರ್ಲಾ ಸಾರ್? ಮುಖದಲ್ಲಿ ಒಂದು ಗತ್ತಿದೆ" ಎಂದು ನಿರ್ದೇಶಕ ಕೇಳಿದ. ಫೋಟೊ ಯಾಕೆ, ಅಪ್ಪ ಇದರಲ್ಲಿ ಯಾರು ಎಂದು ನಾನು ಕೇಳಬೇಕಿತ್ತು. ಅಪ್ಪ ಸಿನಿಮಾದಲ್ಲಿ ಬರುತ್ತಾರೆ ಎಂಬ ಖುಷಿಯಲ್ಲಿ ಅವನು ತೋರಿಸಿದ ಎರಡು ಕಡೆ ಸಹಿ ಹಾಕಿದೆ.

ಇನ್ನೊಂದು ವಿಷಯವಿದೆ. ನಮ್ಮ ಮನೆಯ ಪಂಚಾಂಗದ ಕ್ಯಾಲೆಂಡರ್ ಅಡುಗೆಮನೆ ಬಾಗಿಲ ಪಕ್ಕ, ಸೊಂಟದೆತ್ತರದಲ್ಲಿ ತೂಗುತ್ತದೆ. ಎಷ್ಟೋ ವರ್ಷದಿಂದ ಅಲ್ಲೇ. ಅಮಾವಾಸ್ಯೆ ಯಾವಾಗ ಎಂದು ನೋಡಬೇಕಾದರೆ ಎಲ್ಲರೂ ಬಗ್ಗಬೇಕು. ನೆಂಟರು ಇದು ಭಕ್ತಿ ಇರಬೇಕು ಎಂದುಕೊಂಡು ತಾವೂ ಬಗ್ಗುತ್ತಾರೆ. ಕ್ಯಾಲೆಂಡರ್ ತೆಗೆದಾಗ ಹಿಂದೆ ಗೋಡೆಯಲ್ಲಿ ಒಂದು ಗುಳಿ ಕಂಡಿತು, ಅರ್ಧಚಂದ್ರದ ಆಕಾರದ್ದು. ನಿರ್ದೇಶಕ ಕುಕ್ಕರುಗಾಲಿನಲ್ಲಿ ಕೂತು ಅದರೊಳಗೆ ಬೆರಳಿಟ್ಟ. ಏನಿದು ಎಂದ. ಬೀರು ಸಾಗಿಸುವಾಗ ತಾಗಿರಬೇಕು ಎಂದೆ. ಅವನು ಗುಳಿ ನೋಡಿದ, ತಿರುಗಿ ಅಪ್ಪನ ಫೋಟೊ ನೋಡಿದ, ಮತ್ತೇನೂ ಕೇಳಲಿಲ್ಲ. ಹೋಗುವಾಗ ಸಿನಿಮಾದವರು ಮರ್ಯಾದಸ್ಥರಂತೆ ಗೋಡೆಗೆಲ್ಲ ಮೊದಲಿನ ಕೆನೆಬಣ್ಣವನ್ನೇ ಬಳಿದು, ಆ ಗುಳಿಗೂ ಪುಟ್ಟಿ ತುಂಬಿ ನುಣ್ಣಗೆ ಮಾಡಿಹೋದರು. ನಾನು ಕ್ಯಾಲೆಂಡರನ್ನು ಮತ್ತೆ ಅಲ್ಲೇ ತೂಗುಹಾಕಿದೆ.

ಕಾಶಿಯಿಂದ ಬಂದ ಅಮ್ಮನಿಗೆ ಪೇಂಟ್ ಮಾಡಿಸಿದೆ ಎಂದೆ. ಅವಳು ಚಪ್ಪಲಿ ಬಿಟ್ಟವಳೇ ನೇರ ಹೋಗಿ ಕ್ಯಾಲೆಂಡರ್ ಎತ್ತಿ ನೋಡಿದಳು. ಕೆಳಗೆ ಬಿಟ್ಟಳು. ಸ್ನಾನಕ್ಕೆ ಹೋದಳು.

ಐದು ತಿಂಗಳು ಯಾರೂ ಬಾಯಿ ಬಿಡಲಿಲ್ಲ. ಹೆಂಡತಿ ನಾಗಲಕ್ಷ್ಮಿಗೆ ನಾನು ಆಣೆ ಹಾಕಿಸಿದ್ದೆ. ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ಫಖ್ರುನ್ನೀಸಾ ಅವರಿಗೂ ಹೇಳಿದ್ದೆ. ಅವರು ಮಾತಿಗೆ ತಪ್ಪುವವರಲ್ಲ. ಆದರೆ ಮಾತು ಎಲ್ಲಿಯವರೆಗೆ ಎಂದು ನಾನು ಹೇಳಿರಲಿಲ್ಲ. ಹೋದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ನಾಗಲಕ್ಷ್ಮಿ ಮಟನ್ ತೊಳೆಯುತ್ತಿರುವಾಗ, ಅವರು ಕೆಳಗಿಳಿದು ಬಂದರು.

"ಗಂಗರತ್ನಮ್ಮಾ, ಟಿವಿ ಹಾಕಿ! ನಿಮ್ಮ ಮನೆ ಪಿಚ್ಚರ್ ನೆಟ್ಟಲ್ಲಿ ಬಂದಿದೆ. ಅಣ್ಣ ಯಾರಿಗೂ ಹೇಳ್ಬೇಡಿ ಅಂದಿದ್ರು. ರಿಲೀಸ್ ಆಗೋವರ್ಗೂ ನಾನು ಒಂದ್ ಮಾತು ಆಡಿಲ್ಲ ನೋಡಿ."

ಬಹುಮಾನ ಕೊಡುತ್ತಾರೆ ಎಂಬಂತೆ ನನ್ನ ಕಡೆ ನೋಡಿದರು. ಅಮ್ಮನೂ ನನ್ನ ಕಡೆ ನೋಡಿದಳು.

"ಏನ್ಲಾ ಇದು ನಾಗಭೂಷಣ?"

ಅವಳು ನನ್ನ ಪೂರ್ತಿ ಹೆಸರು ಕರೆಯುವುದು ರೇಷನ್ ಅಂಗಡಿಯಲ್ಲಿ ಮತ್ತು ಇಂಥ ಸಮಯದಲ್ಲಿ ಮಾತ್ರ. ಶೂಟಿಂಗ್ ಆಗಿದ್ದು ನಿಜ ಎಂದು ಒಪ್ಪಿಕೊಂಡೆ. ಫೋಟೊದ ವಿಷಯ ಎತ್ತಲಿಲ್ಲ. ನೆಟ್ ಇಲ್ಲ ಎಂದೆ. ಫಖ್ರುನ್ನೀಸಾ ತಮ್ಮ ಫೋನಿನಿಂದ ನೆಟ್ ಕೊಟ್ಟರು. ನನಗೆ ತಲೆನೋವು ಎಂದೆ. ಹಾಗಾದರೆ ನೀನು ಒಳಗೆ ಹೋಗಿ ಮಲಗು ಎಂದಳು ಅಮ್ಮ. ನಾನು ಕೂತೆ.

ನಮ್ಮ ಟಿವಿ ಇರುವುದು ಅಪ್ಪನ ಫೋಟೊದ ಎದುರು ಗೋಡೆಯಲ್ಲಿ. ಅವರು ಕ್ರಿಕೆಟ್ ನೋಡುವುದು ತೀರಿಕೊಂಡ ಮೇಲೂ ತಪ್ಪಬಾರದು ಎಂದು ಅಮ್ಮನೇ ಇಡಿಸಿದ್ದು.

ಕಥೆಯಲ್ಲಿ ನಾಯಕ ಒಂದು ಆಫೀಸಿನ ಗುಮಾಸ್ತ. ತಲೆ ಬಗ್ಗಿಸಿ ನಡೆಯುವ ಸಾಧು. ಇವನ ಮನೆಯ ಮಹಡಿಗೆ ಬಾಡಿಗೆಗೆ ಬಂದವರು ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಅವರೆಲ್ಲ ಎಲ್ಲಿಗೆ ಹೋದರು ಎಂದು ಪೊಲೀಸರಿಗೆ ಗೊತ್ತಿಲ್ಲ. ಅಂಗಳದ ನೀರಿನ ಸಂಪಿನ ಮುಚ್ಚಳ ಎರಡು ಸಲ ತೋರಿಸಿದ್ದರಿಂದ ನಮಗೆ ಗೊತ್ತಾಯಿತು.

"ಯಾ ಅಲ್ಲಾ, ಅದೇ ನೀರು ತಾನೇ ನಾವು ಕುಡಿಯೋದು?" ಎಂದರು ಫಖ್ರುನ್ನೀಸಾ.

"ಹೋದ್ ತಿಂಗಳು ಕ್ಲೀನ್ ಮಾಡ್ಸಿದೀನಿ" ಎಂದೆ.

ನಾಗಲಕ್ಷ್ಮಿಯ ಸಂಕಟ ಬೇರೆ. ಕೊಲೆಗಾರ ರಕ್ತ ತೊಳೆಯಲು ಬಳಸಿದ್ದು ಅವಳ ನೀಲಿ ಬಕೆಟ್ಟು. "ಅದಕ್ಕೇ ಹಿಡಿ ಮುರಿದಿತ್ತು" ಎಂದು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು ನನ್ನನ್ನು ನೋಡಿದಳು. ಅಮ್ಮ ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು. ಮೂರನೇ ಕೊಲೆಯಾದ ಮೇಲೆ ಒಂದೇ ಮಾತು ಆಡಿದಳು.

"ಬೆಳಗ್ನಿಂದ ಆ ಉಡ್ಗ ಒಂದ್ ತುತ್ತು ಉಂಡಿಲ್ಲ."

ಆ ಉಡ್ಗ ಎಂದರೆ ಕೊಲೆಗಾರ. ನನಗೆ ಸ್ವಲ್ಪ ಧೈರ್ಯ ಬಂತು. ಇಷ್ಟರಲ್ಲೇ ಮುಗಿದರೆ ಬಚಾವಾದೆ ಎಂದುಕೊಂಡೆ. ಅಷ್ಟರಲ್ಲಿ ಕೊಲೆಗಾರ ಹಾಲ್‌ಗೆ ಬಂದು, ಕೈ ಕಟ್ಟಿ ನಿಂತು, ತಲೆ ಎತ್ತಿದ. ಪರದೆ ತುಂಬ ಅಪ್ಪ ಬಂದರು. ಹೂವಿನ ಹಾರ, ಕೆಂಪು ಬಲ್ಬು, ಮೀಸೆ ಸಮೇತ.

"ಅಪ್ಪಾ," ಎಂದ ಕೊಲೆಗಾರ, "ಈಗ ಸಮಾಧಾನಾನಾ?"

"ಅರೆ! ಅಣ್ಣಾ, ನಿಮ್ಮ ಅಬ್ಬಾ!" ಎಂದು ಫಖ್ರುನ್ನೀಸಾ ಕೂಗಿದರು. ಎದುರು ಗೋಡೆಯ ಅಪ್ಪ ಟಿವಿಯ ಅಪ್ಪನನ್ನು ನೋಡುತ್ತಿದ್ದರು. ಇಬ್ಬರ ಮುಖದಲ್ಲೂ ಅದೇ ಗತ್ತು. ಅಮ್ಮನ ಮುಖ ನೋಡಲು ನನಗೆ ಹೆದರಿಕೆಯಾಯಿತು. ರಾಜಾನುಕುಂಟೆಗೆ ಭಾನುವಾರ ಎಷ್ಟು ಹೊತ್ತಿಗೊಂದು ಬಸ್ಸು ಎಂದು ಮನಸ್ಸಿನಲ್ಲೇ ನೋಡಿಕೊಳ್ಳತೊಡಗಿದೆ.

ಮಧ್ಯಾಹ್ನದ ನಮಾಜಿನ ಹೊತ್ತಾಯಿತೆಂದು ಫಖ್ರುನ್ನೀಸಾ ಎದ್ದರು. "ಎಲ್ಲಾ ಆ ಫೋಟೊದವರೇ ಮಾಡ್ಸಿರೋದು ಇರ್ಬೇಕು. ಕೊನೇಲಿ ಏನಾಯ್ತು ಹೇಳಿ" ಎಂದು, ಫೋನನ್ನು ಅಲ್ಲೇ ಬಿಟ್ಟು, ಮೆಟ್ಟಿಲು ಹತ್ತಿದರು. ಹಾಲ್‌ನಲ್ಲಿ ನಾನು ಮತ್ತು ಅಮ್ಮ ಉಳಿದೆವು.

ಆಮೇಲೆ ಕೊಲೆಗಾರನ ಬಾಲ್ಯ ಬಂತು. ರಾತ್ರಿ. ಒಳಕೋಣೆಯಲ್ಲಿ ಒಬ್ಬ ಹುಡುಗ ಕಂಬಳಿ ಹೊದ್ದು ಮಲಗಿದ್ದಾನೆ. ಹಾಲ್‌ನಲ್ಲಿ ಒಬ್ಬ ಗಂಡಸು ಊಟಕ್ಕೆ ಕೂತಿದ್ದಾನೆ. ಮುಖ ತೋರಿಸುವುದಿಲ್ಲ. ವಾಚು ಕಟ್ಟಿದ ಒಂದು ಕೈ ಮಾತ್ರ. ಒಂದು ತುತ್ತು ಬಾಯಿಗಿಟ್ಟು, ಮೆಲ್ಲಗೆ, "ಉಪ್ಪು ಕಮ್ಮಿ" ಎನ್ನುತ್ತಾನೆ. ತಟ್ಟೆ ಹಾರಿ ಹೋಗಿ ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಬಡಿಯುತ್ತದೆ. ಗೋಡೆಯಲ್ಲಿ ಅರ್ಧಚಂದ್ರದ ಗುಳಿ. ಹೆಂಗಸೊಬ್ಬಳು ಬಂದು ನೆಲದ ಮೇಲಿನ ಅನ್ನ ಆಯುತ್ತಾಳೆ. ಅಳುವುದಿಲ್ಲ. ಮಗ ಎದ್ದುಬಿಟ್ಟಾನು ಎಂದು ಬಳೆಯನ್ನೂ ಮೇಲಕ್ಕೆ ಸರಿಸಿಕೊಂಡು ಆಯುತ್ತಾಳೆ. ಕಂಬಳಿಯೊಳಗೆ ಹುಡುಗನ ಕಣ್ಣು ತೆರೆದೇ ಇದೆ.

ನಮ್ಮ ತಟ್ಟೆಯಲ್ಲಿ ಇದ್ದದ್ದು ಮುದ್ದೆ. ಅದೊಂದೇ ವ್ಯತ್ಯಾಸ.

ಆಗ ನನಗೆ ಹನ್ನೆರಡು ವರ್ಷ. ಅಪ್ಪ ನನಗೆ ಒಂದೇಟು ಹಾಕಿದವರಲ್ಲ. ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಯಶವಂತಪುರದ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುವರು, ಬಿಸಿ ಬೋಂಡ ಕೊಡಿಸುವರು, ನನ್ನ ಮಗ ಎಂದು ಮಂಡಿಯವರಿಗೆಲ್ಲ ತೋರಿಸುವರು. ಅಂಥ ಅಪ್ಪನನ್ನು ಇಷ್ಟಪಡಬೇಕೆಂದರೆ ರಾತ್ರಿ ನನಗೆ ನಿದ್ದೆ ಬಂದಿರಬೇಕಿತ್ತು. ಹಾಗಾಗಿ ನಿದ್ದೆ ಬಂದಿತ್ತು ಎಂದುಕೊಂಡೆ. ಆಮೇಲೆ ಅದನ್ನೇ ನಂಬಿದೆ. ನೆಟ್ಟಗೆ ಹೇಳಬೇಕೆಂದರೆ, ಟಿವಿಯಲ್ಲಿ ಆ ಹುಡುಗನ ಕಣ್ಣು ನೋಡಿ ನನಗೆ ನಾಚಿಕೆಯಾಯಿತು.

"ನಿಲ್ಸು" ಎಂದಳು ಅಮ್ಮ.

ನಿಲ್ಲಿಸಿದೆ. ಅವಳು ಎದ್ದು ಟಿವಿಯ ಹತ್ತಿರ ಹೋಗಿ, ಪರದೆಯ ಮೇಲಿನ ಗುಳಿಯ ಮೇಲೆ ಬೆರಳಿಟ್ಟಳು. ಅಲ್ಲಿಂದ ಅಡುಗೆಮನೆ ಬಾಗಿಲಿಗೆ ಹೋಗಿ ಕ್ಯಾಲೆಂಡರ್ ಎತ್ತಿದಳು. ನುಣುಪಾದ ಗೋಡೆ. ಅದನ್ನು ಸವರಿದಳು.

"ಇಲ್ಲಿಲ್ಲ. ಅಲ್ಲೈತೆ" ಎಂದಳು, ತನ್ನಷ್ಟಕ್ಕೆ. ಆಮೇಲೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನ್ ಯೋಳ್ದಾ ಅವ್ರಿಗೆ?"

ಇಲ್ಲ ಎನ್ನುವುದೇ ಸತ್ಯ. ಅವರು ಗುಳಿ ನೋಡಿದರು, ಫೋಟೊ ನೋಡಿದರು, ಮಿಕ್ಕಿದ್ದನ್ನು ತಾವೇ ಹೆಣೆದರು. ಇಲ್ಲ ಎಂದಿದ್ದರೆ ನನ್ನ ತಪ್ಪೂ ಅರ್ಧಕ್ಕೆ ಇಳಿಯುತ್ತಿತ್ತು, ಕಾಲು ಹಿಡಿದು ಕ್ಷಮೆ ಕೇಳಬಹುದಿತ್ತು. ಆದರೆ ಅವಳ ಲೆಕ್ಕದಲ್ಲಿ ಆ ರಾತ್ರಿಗಳು ಗೊತ್ತಿದ್ದದ್ದು ಅವಳಿಗೆ ಮತ್ತು ಗೋಡೆಗೆ ಮಾತ್ರ. ಗೋಡೆಗೆ ಈಗ ಪುಟ್ಟಿ ತುಂಬಿತ್ತು.

"ಹೂಂ," ಎಂದೆ. "ನಾನೇ ಹೇಳ್ದೆ."

"ನೀನ್ ನಿದ್ದೆ ಮಾಡ್ತಿದ್ದೆ ಕಣಪ್ಪ."

"ಇಲ್ಲಮ್ಮ. ಎದ್ದಿದ್ದೆ."

"ಎಲ್ಲಾ ದಿನಾನೂವಾ?"

"ಎಲ್ಲಾ ದಿನಾನೂ."

ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿಲ್ಲ. ಅಳುತ್ತಾಳೆ ಎಂದುಕೊಂಡೆ, ಅಳಲೂ ಇಲ್ಲ. ಬಂದು ನನ್ನ ಪಕ್ಕ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಮುಂದಕ್ ಆಕು" ಎಂದಳು. ಹಾಕಿದೆ. ಪೊಲೀಸರು ಬಂದರು, ಸಂಪಿನ ಮುಚ್ಚಳ ತೆಗೆದರು, ಯಾರೋ ಏನೋ ಕೂಗಿದರು. ಕೊನೆಯಲ್ಲಿ ಏನಾಯಿತು ಎಂದು ಫಖ್ರುನ್ನೀಸಾ ಸಂಜೆ ಕೇಳಿದಾಗ ನನಗೆ ಹೇಳಲು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಡುಗೆ ಆಗಿತ್ತು. ನಾಗಲಕ್ಷ್ಮಿ ಮುದ್ದೆ, ಸಾರು ಬಡಿಸಿದ ಮೊದಲ ತಟ್ಟೆ ಹಿಡಿದು ಎಂದಿನಂತೆ ಅಪ್ಪನ ಫೋಟೊದ ಕಡೆ ನಡೆದಳು. ನಾನು ಎಂದಿನಂತೆ ಎದ್ದು ಕೈ ಮುಗಿದು ನಿಂತೆ. ಅಮ್ಮ ಕೂತಲ್ಲಿಂದಲೇ ಕೈ ಚಾಚಿದಳು.

"ಇಲ್ ಕೊಡು ಲಕ್ಷ್ಮಿ. ಒಟ್ಟೆ ಅಸೀತೈತೆ."

ನಾಗಲಕ್ಷ್ಮಿ ನನ್ನನ್ನು ನೋಡಿದಳು. ನಾನು ಅಭ್ಯಾಸಬಲದಿಂದ ಫೋಟೊ ನೋಡಿದೆ. ಅಲ್ಲಿಂದ ಏನೂ ಬರಲಿಲ್ಲ. ತಟ್ಟೆ ಅಮ್ಮನ ತೊಡೆಯ ಮೇಲೆ ಹೋಯಿತು. ಅವಳು ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದಳು.

"ಉಪ್ಪು ಕಮ್ಮಿ ಐತೆ" ಎಂದಳು.

ಸೊಸೆ ನಿಂತಲ್ಲೇ ನಿಂತಳು. ನನಗೆ ನಲವತ್ತು ವರ್ಷ, ಆದರೂ ಅಡುಗೆಮನೆ ಬಾಗಿಲ ಪಕ್ಕದ ಗೋಡೆಯ ಕಡೆ ನೋಡಿದೆ. ಈ ಮನೆಯಲ್ಲಿ ಆ ಮಾತಿನ ಹಿಂದೆಯೇ ಒಂದು ಸದ್ದು ಬರಬೇಕು. ನಾನು ಕಾದೆ. ಅಮ್ಮ ಎರಡನೇ ತುತ್ತು ಮುರಿದಳು.

"ಒಂಚೂರು ಉಪ್ಪು ತಗಂಬಾ, ಸಾಕು. ಸಾರು ಚೆಂದಾಗೈತೆ" ಎಂದಳು ಸೊಸೆಗೆ. ನನಗೆ, "ಆ ಕ್ಯಾಲೆಂಡರ್ ಮ್ಯಾಕ್ ಆಕು. ಬಗ್ಗಿ ಬಗ್ಗಿ ಸೊಂಟ ಓಯ್ತು."

ನಾನು ಸುತ್ತಿಗೆ ತರಲು ಹೊರಟೆ.

"ಈಗ್ಲೇ ಅಲ್ಲ. ಕೂತ್ಕಂಡ್ ಉಣ್ಣು" ಎಂದಳು.

ಕೂತೆ. ಸಾರಿಗೆ ನಿಜವಾಗಿಯೂ ಉಪ್ಪು ಕಮ್ಮಿ ಇತ್ತು.