ಅಪ್ಪನ ಅರವತ್ತು

ಮೂಡಲಗಿಯ ಸುನೀಲನಿಗೆ ನಲವತ್ತೇಳು ತುಂಬಿತ್ತು. ವಯಸ್ಸಿನ ಮಾತು ಬಂದರೆ ಅವನದು ಒಂದೇ ಉತ್ತರ: "ನಮ್ಮಪ್ಪಗ ಅರವತ್ತಾದಾಗ ನಾ ಹುಟ್ಟೇನಿ. ನಮ್ಮ ಮನಿತನದ ಗಂಡಸರಿಗೆ ವಯಸ್ಸು ತಾಗಂಗಿಲ್ಲ." ಅಪ್ಪ ಮಾಯಪ್ಪ ಸತ್ತು ಎಷ್ಟೋ ವರ್ಷವಾಗಿದ್ದರೂ ಅವನ ಮೀಸೆಯ ಪ್ರತಾಪ ಮಾತ್ರ ಊರಲ್ಲಿ ಗಟ್ಟಿಮುಟ್ಟಾಗಿ ಬದುಕಿತ್ತು. ಈ ಮಾತು ಬಂದಾಗಲೆಲ್ಲ ತಾಯಿ ಹಣಮವ್ವ ಎಲೆಯಡಿಕೆ ಚೀಲದೊಳಗೆ ಏನನ್ನೋ ಹುಡುಕತೊಡಗುತ್ತಿದ್ದಳು.

ಸುನೀಲನಿಗೆ ಹೆಣ್ಣು ಸಿಕ್ಕಿದ್ದೇ ತಡವಾಗಿ. ಹುಕ್ಕೇರಿಯ ಅನ್ನಪೂರ್ಣಾ ಸೊಸೆಯಾಗಿ ಬಂದು ಐದು ವರ್ಷ. ಒಮ್ಮೆ ಗರ್ಭ ನಿಂತು ಎರಡೇ ತಿಂಗಳಲ್ಲಿ ಇಳಿದುಹೋಯಿತು. ಗೋಕಾಕದ ಡಾಕ್ಟರಬಾಯಿ ಅವಳನ್ನು ಪರೀಕ್ಷಿಸಿ, "ನಿನ್ನಾಗ ಏನೂ ಕೊರತಿ ಇಲ್ಲವ್ವ. ಗಂಡಸಿಗೂ ವಯಸ್ಸಾದಂಗ ವೀರ್ಯದ ಕಸುವು ಇಳೀತೈತಿ. ಬಸರಾಗೂದು ತಡ ಆಗತೈತಿ, ನಿಂತದ್ದೂ ಜಾರಬಹುದು. ಗಂಡನ್ನ ಕರಕೊಂಡು ಬಾ, ದಾರಿ ಐತಿ" ಎಂದಿದ್ದಳು. ಸುನೀಲ ಹೋಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮಹಾರಾಯ ಹೆಂಡತಿಯೇ ಡೊಂಕು ಎಂದ. ಈಗ ಅವಳನ್ನು ತವರಿಗೆ ಬಿಟ್ಟುಬರಲು ಹೊರಟಿದ್ದ. ಮರಳಿ ಕರೆತರುವ ಮಾತನ್ನು ಅವನು ಆಡಲಿಲ್ಲ, ಅವಳು ಕೇಳಲಿಲ್ಲ.

ಬೆಳಗಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲಿದ್ದ ಸೊಸೆಯ ಚೀಲ ನೋಡಿ ಹಣಮವ್ವ ತನ್ನ ಎಲೆಯಡಿಕೆ ಚೀಲವನ್ನು ಬದಿಗಿಟ್ಟಳು. ಬಾಯಿ ಬಿಟ್ಟರೆ ಮಗ ಹೋಗುತ್ತಾನೆ, ಬಿಡದಿದ್ದರೆ ಸೊಸೆ ಹೋಗುತ್ತಾಳೆ.

"ಸುನೀಲಾ, ಕುಂಡ್ರಿಲ್ಲೆ. ನಿಮ್ಮಪ್ಪಗ ಅರವತ್ತಕ್ಕ ಮಗ ಹುಟ್ಟಿಲ್ಲೊ."

ಅವನು ನಿಂತಲ್ಲೇ ನಿಂತ.

"ನನ್ನ ಲಗ್ನದಾಗ ಅವಗ ಐವತ್ತು. ಹತ್ತು ವರ್ಷ ಕಂಡ ದೇವರಿಗೆಲ್ಲ ಹರಕಿ ಹೊತ್ತೆ. ಆ ವರ್ಷ ದೀಪಾವಳಿ ಮುಗಿಸಿ ಕುರಿ ಹೊಡಕೊಂಡು ಹ್ವಾದ್ವಿ, ಮಳಿಗಾಲಕ್ಕ ಕೂಸು ಎತಗೊಂಡು ಬಂದ್ವಿ. ಕುರಿ ಹಿಂದ ಹೋದವರನ್ನ ಯಾರು ಕೇಳತಾರ? ನೀ ಸಂಕೇಶ್ವರದ ನಿನ್ನ ಚಿಗವ್ವ ಕಾಡವ್ವನ ಹೊಟ್ಟ್ಯಾಗ ಹುಟ್ಟಿದಾಂವ. ನನ್ನ ತಂಗಿ ತನ್ನ ಕೂಸನ್ನ ನನ್ನ ಉಡಿಯಾಗ ಹಾಕಿದ್ಲು."

ಬಾಗಿಲಲ್ಲಿ ಅನ್ನಪೂರ್ಣಾ ಸೆರಗು ಹಿಡಿದು ನಿಂತಿದ್ದಳು. ಸುನೀಲ ಮೆಲ್ಲಗೆ ಕಟ್ಟೆಯ ಮೇಲೆ ಕುಳಿತ.

"ಅಪ್ಪ ಯಾಕ ಹೇಳಲಿಲ್ಲ?"

"ಮಂದಿ ಅವನ ಮೀಸಿ ಹೊಗಳಿದ್ರು, ಅದರ ಮ್ಯಾಲ ಬದುಕಿದ. ಬಂಜಿ ಅನ್ನೂ ಹೆಸರು ಹತ್ತು ವರ್ಷ ನಾ ಹೊತ್ತೇನಿ, ತಮ್ಮಾ. ಅದನ್ನ ಈಕಿ ತಲಿಮ್ಯಾಲ ಹೊರಸಬ್ಯಾಡ."

ಆಮೇಲೆ ಸುನೀಲ, "ಚಿಗವ್ವಗ ಇನ್ನ ಏನಂತ ಕರೀಲಿ?" ಎಂದ.

"ಚಿಗವ್ವ ಅಂತನ ಕರಿ. ಕೊಟ್ಟಾಕಿ ಯಾವತ್ತೂ ತಿರುಗಿ ಬೇಡಿಲ್ಲ."

ಹಾಗಾದರೆ ನಿನ್ನನ್ನು ಏನೆಂದು ಕರೆಯಲಿ ಎಂದು ಕೇಳಿಬಿಟ್ಟರೆ? ಹಣಮವ್ವ ಎಲೆಯಡಿಕೆ ಚೀಲವನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಅವನು ಕೇಳಲಿಲ್ಲ.

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಸುನೀಲ ಎದ್ದು ಹೆಂಡತಿಯ ಚೀಲವನ್ನು ಒಳಗೊಯ್ದು ಗೂಟಕ್ಕೆ ಸಿಗಿಸಿ ಬಂದ.

"ಅನ್ನಪೂರ್ಣಾ, ಡಾಕ್ಟರಬಾಯಿ ಚೀಟಿ ತಗೊ. ಇದ ಬಸ್ಸಿಗೆ ಹೋಗೂಣು, ಗೋಕಾಕದಾಗ ಇಳಿಯೂಣು."

ಅಂಗಳ ದಾಟಿದವನು ತಿರುಗಿ ನಿಂತ.

"ಯವ್ವಾ, ನೀನೂ ಬಾ. ದವಾಖಾನಿ ಒಳಗ ಹೋಗಾಕ ನನಗ ಅಂಜಿಕಿ ಬರತೈತಿ."

ಹಣಮವ್ವ ಚಪ್ಪಲಿ ಮರೆತು ಬರಿಗಾಲಲ್ಲೇ ಹೊರಟಳು.